ಕೋವಿಯ ಜೊತೆಗಾರ ನಾಯಿಗಳು: ಕಾಸರಗೋಡಿನ ತೋಟದ ಮನೆಗೆ ಯಾವುದು ಹೊಂದೀತು?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಈಗ ಲ್ಯಾಬ್ರಡಾರ್ ಅಪರೂಪವಲ್ಲ. ಮರಿ ತಂದ ಆರು ತಿಂಗಳಿಗೆ ಕೇಳಿಬರುವ ದೂರುಗಳೂ ಹೆಚ್ಚುಕಡಿಮೆ ಒಂದೇ: ರಾತ್ರಿ ಹಂದಿ ಬಂದರೂ ಬೊಗಳುವುದಿಲ್ಲ, ಬಂದವರ ಚಪ್ಪಲಿ ಕಚ್ಚಿಕೊಂಡು ಹೋಗುತ್ತದೆ, ಅಂಗಳದ ಅಡಿಕೆಗೆ ಬಾಯಿ ಹಾಕುತ್ತದೆ, ಕೆರೆಗೆ ಹಾರುತ್ತದೆ. ನಾಯಿಯಲ್ಲಿ ದೋಷವಿಲ್ಲ. ತಲೆಮಾರುಗಳ ಕಾಲ ಯಾವ ಕೆಲಸಕ್ಕೆಂದು ಆ ತಳಿಯನ್ನು ಆರಿಸಿ ಬೆಳೆಸಿದರೋ ಅದನ್ನೇ ಅದು ಮಾಡುತ್ತಿದೆ. ನೀರಿಗೆ ಬಿದ್ದ ಬಾತನ್ನು ಗಾಯವಾಗದಂತೆ ಎತ್ತಿ ತಂದು ಕೈಗೆ ಕೊಡುವ ನಾಯಿ ಅದು. ಬಾತು ಇಲ್ಲದ ಕಡೆ ಚಪ್ಪಲಿ ಎತ್ತುತ್ತದೆ.

ಹಾಗಾಗಿ ಬಣ್ಣ, ಕೂದಲು, ಮುಖ ನೋಡಿ ಆರಿಸುವ ಮೊದಲು ಲ್ಯಾಬ್ರಡಾರ್‌ನಂಥ, ಕೋವಿಯ ಜೊತೆ ದುಡಿಯುವ ನಾಯಿಗಳಿಗೆ ಬೇಟೆಯ ಬಯಲಿನಲ್ಲಿ ಯಾವ ಯಾವ ಪಾಲು ಇತ್ತು ಎಂದು ತಿಳಿದುಕೊಳ್ಳಬೇಕು. ಕೆಲಸ ಗೊತ್ತಾದರೆ ಸ್ವಭಾವ ಗೊತ್ತಾದಂತೆ. ನಮ್ಮ ಮುರಕಲ್ಲಿನ ಗುಡ್ಡೆ, ತೋಟ, ಮಳೆಗೆ ಯಾವುದು ಹೊಂದುತ್ತದೆ ಎಂಬುದು ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಕಾನೂನಿನ ಮಾತು ಮೊದಲೇ ಇರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಅಟ್ಟುವುದು, ಬೆನ್ನಟ್ಟಿಸುವುದು, ಉರುಳು ಹಾಕುವುದು, ಕೊನೆಗೆ ಹಕ್ಕಿಯ ಗೂಡು ಕೆಡಿಸುವುದೂ ಬೇಟೆಯೇ. ನವಿಲು, ಕಾಡುಕೋಳಿ, ಹುಂಡುಕೋಳಿಗಳ ಮೇಲೆ ನಾಯಿ ಬಿಡುವುದು ಅಪರಾಧ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಪಂಚಾಯತ್ ಅಧ್ಯಕ್ಷರ ಅನುಮತಿಯ ಮೇಲೆ ಲೈಸೆನ್ಸ್ ಕೋವಿಯವರು ಹೊಡೆಯುವ ವ್ಯವಸ್ಥೆ ಕೇರಳದಲ್ಲಿ 2022ರಿಂದ ಇದೆ. ಅದು ಈ ನಾಯಿಗಳ ಕೆಲಸವಲ್ಲ. ಹಂದಿಯ ಕೋರೆ ಒಂದು ತಿವಿತಕ್ಕೆ ಸ್ಪ್ಯಾನಿಯಲ್ ತಳಿಯ ನಾಯಿಯ ಹೊಟ್ಟೆ ಸೀಳುತ್ತದೆ. ಆದ್ದರಿಂದ ಇಲ್ಲಿ ಹೇಳುವ ತರಬೇತಿಯೆಲ್ಲ ಬಟ್ಟೆಯ ಡಮ್ಮಿಯದ್ದು, ಅಂದರೆ ಹಕ್ಕಿಯ ಬದಲು ಎಸೆದು ತರಿಸುವ ಬಟ್ಟೆಯುಂಡೆಯದ್ದು. ಆ ಆಟದಲ್ಲೂ ನಾಯಿಗೆ ಅಷ್ಟೇ ತೃಪ್ತಿ ಇದೆ.

ಬಯಲಿನಲ್ಲಿ ಯಾರ ಪಾಲು ಏನು

ಕೋವಿಯ ಜೊತೆಗೆ ದುಡಿಯುವ ನಾಯಿ ತಾನಾಗಿ ಕೊಲ್ಲುವುದಿಲ್ಲ. ಹುಡುಕುತ್ತದೆ, ಎಬ್ಬಿಸುತ್ತದೆ, ತೋರಿಸುತ್ತದೆ, ಬಿದ್ದದ್ದನ್ನು ತರುತ್ತದೆ. ನಮ್ಮ ಮುಧೋಳ (ಕಾರವಾನಿ ಎನ್ನುವುದೂ ಇದನ್ನೇ), ರಾಜಪಾಳಯಂ, ಚಿಪ್ಪಿಪಾರೈ ಇವೆಲ್ಲ ಬೇರೆಯ ಜಾತಿ. ಅವು ಕಣ್ಣಿನಿಂದ ನೋಡಿ, ಓಡಿ, ತಾವೇ ಹಿಡಿಯುವ ನಾಯಿಗಳು. ಓಟ ಶುರುವಾದ ಮೇಲೆ ಅವುಗಳಿಗೆ ಮನುಷ್ಯನ ಕೂಗು ಕೇಳುವುದಿಲ್ಲ. ಕೇಳದಿರುವುದೇ ಅವುಗಳ ಗುಣ. ಕೋವಿಯ ನಾಯಿಯದ್ದು ತಿರುಗಾಮುರುಗಾ: ಮೊಲ ಮೂಗಿನ ಮುಂದೆ ಹಾರಿದರೂ ಕೂತು ಯಜಮಾನನ ಮುಖ ನೋಡಬೇಕು.

ಬ್ರಿಟನ್ನಿನ ನಾಯಿತಳಿಗಳ ಸಂಸ್ಥೆಯಾದ ಕೆನಲ್ ಕ್ಲಬ್, ಬಯಲಿನಲ್ಲಿ ಕೆಲಸ ಅಳೆಯುವ ಕ್ಷೇತ್ರ ಪರೀಕ್ಷೆಗೆ ಕೋವಿಯ ನಾಯಿಗಳನ್ನು ನಾಲ್ಕು ಗುಂಪು ಮಾಡಿದೆ: ಎತ್ತಿ ತರುವ ರಿಟ್ರೀವರ್‌ಗಳು, ಪೊದೆ ಸೋವಿ ಹಕ್ಕಿ ಎಬ್ಬಿಸುವ ಸ್ಪ್ಯಾನಿಯಲ್‌ಗಳು, ದೂರದಿಂದಲೇ ವಾಸನೆ ಹಿಡಿದು ನಿಂತು ತೋರಿಸುವ ಪಾಯಿಂಟರ್ ಮತ್ತು ಸೆಟರ್‌ಗಳು, ಹುಡುಕಿ, ತೋರಿಸಿ, ಎತ್ತಿ ತರುವ ಮೂರೂ ಕೆಲಸ ಒಟ್ಟಿಗೆ ಮಾಡುವ ಯುರೋಪಿನ ತಳಿಗಳು. ಇಂಗ್ಲೆಂಡಿನಲ್ಲಿ ಫೆಸೆಂಟ್ ಎಂಬ ಹಕ್ಕಿಯ ಬೇಟೆಯ ಕಾಲ ಅಕ್ಟೋಬರ್ 1ರಿಂದ ಫೆಬ್ರವರಿ 1. ಅಂಥ ದಿನ ಸೋವುವವರ ಸಾಲಿನಲ್ಲಿ ಸ್ಪ್ಯಾನಿಯಲ್‌ಗಳು ಮುಳ್ಳುಪೊದೆ ನುಗ್ಗಿ ಹಕ್ಕಿ ಎಬ್ಬಿಸುತ್ತವೆ. ಕೋವಿಯವನು ನಿಲ್ಲುವ ಜಾಗ ಗುರುತಿಸುವ ಗೂಟದ ಬಳಿ, ಅವನ ಪಕ್ಕ, ಒಂದು ಲ್ಯಾಬ್ರಡಾರ್ ಸುಮ್ಮನೆ ಕೂತಿರುತ್ತದೆ. ತಲೆಯ ಮೇಲೆ ಹತ್ತಾರು ಈಡು ಹಾರಿದರೂ ಮಿಸುಕಬಾರದು, ಕುಂಯ್ ಎನ್ನಬಾರದು. ಇನ್ನೂ ಹಿಂದೆ, ಇನ್ನೂರು ಮುನ್ನೂರು ಮೀಟರ್ ದೂರದಲ್ಲಿ, ಬಿದ್ದದ್ದನ್ನು ಆಯುವವರು ತಮ್ಮ ರಿಟ್ರೀವರ್‌ಗಳೊಂದಿಗೆ ಕಾಯುತ್ತಾರೆ. ಗಾಯಗೊಂಡು ಓಡಿದ ಹಕ್ಕಿಯ ಜಾಡು ಹಿಡಿದು ಅದನ್ನು ಬೇಗ ತರುವುದು ಅವರ ಹೊಣೆ. ನರಳಾಟ ಕಡಿಮೆಯಾಗುವುದು ಇವರಿಂದ. ಎಲ್ಲ ಪಾಲುಗಳಲ್ಲಿ ಗೌರವ ಸಲ್ಲಬೇಕಾದದ್ದು ಇದಕ್ಕೆ. ಪಾಯಿಂಟರ್‌ಗೆ ಆ ಗದ್ದಲದಲ್ಲಿ ಜಾಗವಿಲ್ಲ. ಅದರ ಜಾಗ ಸ್ಕಾಟ್ಲೆಂಡಿನ ಬೋಳುಗುಡ್ಡ, ಕಾಲ ಆಗಸ್ಟ್ 12ರ ನಂತರ, ಹಕ್ಕಿ ಗ್ರೌಸ್.

ಲ್ಯಾಬ್ರಡಾರ್: ತೋಟದ ಮನೆಗೆ ಸರಿ, ಆದರೆ ಬಾಯಿ ಕಾಯಬೇಕು

ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರೊಂದಿಗೆ ನೀರಿನಲ್ಲಿ ದುಡಿದ ನಾಯಿಗಳು. 1903ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ತಳಿಯೆಂದು ಮಾನ್ಯ ಮಾಡಿತು. ಗಂಡು 29ರಿಂದ 36 ಕಿಲೋ, ಹೆಣ್ಣು 25ರಿಂದ 32 ಕಿಲೋ. ಒಳಗೊಂದು ದಪ್ಪ ಒತ್ತುಕೂದಲು, ಹೊರಗೆ ನೀರು ಜಾರಿಸುವ ಒರಟು ಕೂದಲು. ನಮ್ಮ ಮಳೆಗಾಲಕ್ಕೆ ಈ ಅಂಗಿ ಒಳ್ಳೆಯದೇ. ಏಪ್ರಿಲ್ ಸೆಕೆಗೆ ಮಾತ್ರ ಕಷ್ಟ. ಬೆಳಿಗ್ಗೆ ಏಳರೊಳಗೆ ಓಟ ಮುಗಿಸಬೇಕು.

ಮೂರು ವಿಷಯ ಈ ತಳಿಯಲ್ಲಿ ನಮ್ಮೂರಿಗೇ ವಿಶೇಷವಾಗಿ ತೊಂದರೆ ಕೊಡುತ್ತವೆ. ಮೊದಲನೆಯದು ಬಾಯಿ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಲ್ಯಾಬ್ರಡಾರ್ ಮೊದಲು ಎತ್ತಿಕೊಂಡು ತಿರುಗುತ್ತದೆ, ಆಮೇಲೆ ಜಗಿಯುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ನಾಯಿಗೆ ವಿಷ. ಹಿಂದೆ ಇದೇ ವಸ್ತುವನ್ನು ನಾಯಿಯ ಹೊಟ್ಟೆಯ ಲಾಡಿಹುಳ ಬೀಳಿಸಲು ಮದ್ದಾಗಿ ಕೊಡುತ್ತಿದ್ದರು. ಕರುಳನ್ನು ಅಷ್ಟು ಜೋರಾಗಿ ಹಿಂಡುತ್ತದೆ. ಜೊಲ್ಲು ಧಾರೆಯಾಗಿ ಸುರಿಯುವುದು, ವಾಂತಿ, ನೀರುಭೇದಿ, ನಡುಕ ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಎಷ್ಟು ಅಡಿಕೆ ತಿಂದಿದೆ ಎಂಬ ಅಂದಾಜಿನೊಂದಿಗೆ ನೇರ ಮೃಗಾಸ್ಪತ್ರೆಗೆ ಒಯ್ಯಿರಿ. ಹಸಿ ಗೇರುಬೀಜವೂ ಹಾಗೆಯೇ ಅಪಾಯ. ಸಿಪ್ಪೆಯ ಎಣ್ಣೆ ತುಟಿ, ನಾಲಗೆ ಸುಡುತ್ತದೆ. ಮಳೆಗಾಲದ ಮೊದಲು ಮದ್ದು ಬಿಡುವ ದಿನ ಬೋರ್ಡೋ ದ್ರಾವಣದ ಡ್ರಮ್ಮಿನ ಬಳಿ ನಾಯಿಯನ್ನು ಬಿಡಲೇಬೇಡಿ. ನೀಲಿ ನೀರನ್ನೂ ಅದು ಕುಡಿಯುತ್ತದೆ, ಮೈಲುತುತ್ತು ಹೊಟ್ಟೆಗೆ ಹೋಗುತ್ತದೆ.

ಎರಡನೆಯದು ಕೆರೆ. ಮುರಕಲ್ಲು ಕಡಿದು ಮಾಡಿದ ನಮ್ಮ ತೋಟದ ಕೆರೆಗೆ ದಡ ಎಂಬುದಿಲ್ಲ, ನೇರ ಗೋಡೆ. ಲ್ಯಾಬ್ರಡಾರ್ ಸಂತೋಷದಿಂದ ಹಾರುತ್ತದೆ. ಮೇಲೆ ಬರಲು ಕಾಲಿಗೆ ಆಧಾರ ಸಿಗದೆ ಅರ್ಧ ಗಂಟೆ ಈಜಿ, ಸೋತು ಮುಳುಗುತ್ತದೆ. ಎರಡು ಅಡಿಕೆ ಸಲಕೆಗಳನ್ನು ಒಂದಡಿ ಅಂತರದಲ್ಲಿಟ್ಟು, ಒಂದು ಗೇಣಿಗೊಂದರಂತೆ ಅಡ್ಡಪಟ್ಟಿ ಹೊಡೆದು, ಕೆಳತುದಿ ನೀರಿನೊಳಗೆ ಎರಡಡಿ ಮುಳುಗುವಂತೆ ಓರೆಯಾಗಿ ಇಳಿಬಿಡಿ. ನೀರಿನ ಮಟ್ಟ ಇಳಿದ ಹಾಗೆ ಅದನ್ನೂ ಇಳಿಸುತ್ತಿರಬೇಕು. ಮಾರ್ಚಿನಲ್ಲಿ ಇದನ್ನು ಮರೆಯುವವರೇ ಹೆಚ್ಚು. ಮರಿಯನ್ನು ನೀವೇ ನೀರಿಗಿಳಿಸಿ ಆ ಏಣಿಯಿಂದಲೇ ನಾಲ್ಕೈದು ಸಲ ಹತ್ತಿಸಿ ಕಲಿಸಿ. ಏಣಿ ಇದ್ದರೂ ಎಲ್ಲಿದೆ ಎಂದು ಗೊತ್ತಿಲ್ಲದ ನಾಯಿ ಎದುರು ಗೋಡೆಯನ್ನೇ ಕೆರೆಯುತ್ತಿರುತ್ತದೆ.

ಮೂರನೆಯದು ಹಸಿವು. ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿ.ಒ.ಎಂ.ಸಿ. ಎಂಬ ಜೀನಿನ ಒಂದು ತುಂಡು ಇಲ್ಲ, ಅದರಿಂದ ಅವುಗಳಿಗೆ ಹೊಟ್ಟೆ ತುಂಬಿದ ಭಾವವೇ ಸರಿಯಾಗಿ ಬರುವುದಿಲ್ಲ ಎಂದು 2016ರಲ್ಲಿ ಕೇಂಬ್ರಿಡ್ಜ್‌ನವರು ತೋರಿಸಿದರು. ಪಾಪ ಎಂದು ಅನ್ನ ಬಡಿಸುತ್ತಾ ಹೋದರೆ 45 ಕಿಲೋ ಆಗಿ ಸೊಂಟ ಬೀಳುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು, ಅದು ಅಳತೆ.

ಗೋಲ್ಡನ್ ರಿಟ್ರೀವರ್ ಕೆಲಸದಲ್ಲಿ ಇದರ ತಮ್ಮನೇ. 1868ರಲ್ಲಿ ಸ್ಕಾಟ್ಲೆಂಡಿನ ಗಿಸಾಕನ್ ಎಸ್ಟೇಟಿನಲ್ಲಿ ಹುಟ್ಟಿದ ಮರಿಗಳಿಂದ ಆರಂಭವಾದ ತಳಿ. ಇನ್ನಷ್ಟು ಸೌಮ್ಯ. ಆದರೆ ಆ ಉದ್ದ ಕೂದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಒದ್ದೆಯ ಅಡಿಯಲ್ಲಿ ಚರ್ಮ ಕೊಳೆತು ಒಂದು ರಾತ್ರಿಯಲ್ಲಿ ಅಂಗೈಯಗಲ ಹುಣ್ಣಾಗುತ್ತದೆ. ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯ ಊರಿಗೆ ಇದನ್ನು ಒಪ್ಪಿಸುವುದು ಕಷ್ಟ. ಲ್ಯಾಬ್ರಡಾರೇ ಸಾಕು.

ಸ್ಪ್ಯಾನಿಯಲ್: ಮೂಗಿನ ಕೆಲಸಕ್ಕೆ ಎಲ್ಲಕ್ಕಿಂತ ಮೇಲು

ಸ್ಪ್ಯಾನಿಯಲ್‌ಗಳಲ್ಲಿ ಸ್ಪ್ರಿಂಗರ್ ಎಂಬ ತಳಿ ಸುಮಾರು 51 ಸೆಂ.ಮೀ. ಎತ್ತರ, 23 ಕಿಲೋ. ಕಾಕರ್ 40 ಸೆಂ.ಮೀ. ಆಸುಪಾಸು, 13ರಿಂದ 14.5 ಕಿಲೋ. ವುಡ್‌ಕಾಕ್ ಎಂಬ ಹಕ್ಕಿಯನ್ನು ಪೊದೆಯಿಂದ ಎಬ್ಬಿಸುತ್ತಿದ್ದುದರಿಂದ ಕಾಕರ್ ಎಂಬ ಹೆಸರು.

ಇದರ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ನಾಯಿ ಏಕೆ ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ ಎಂದು ತಿಳಿಯುತ್ತದೆ. ಯಜಮಾನ ಗಾಳಿಗೆ ಮುಖಮಾಡಿ ನಡೆಯುತ್ತಾನೆ. ನಾಯಿ ಅವನ ಮುಂದೆ ಎಡಕ್ಕೆ ಇಪ್ಪತ್ತು ಮೀಟರ್, ಬಲಕ್ಕೆ ಇಪ್ಪತ್ತು ಮೀಟರ್ ಹಾವಿನಂತೆ ಬಳುಕುತ್ತಾ ನೆಲವನ್ನು ಗುಡಿಸಿದ ಹಾಗೆ ಹುಡುಕುತ್ತದೆ. ಒಂದು ಪೊದೆ ಬಿಡುವಂತಿಲ್ಲ, ಕೋವಿಯ ಗುರಿಗೆ ನಿಲುಕದಷ್ಟು ದೂರ ಹೋಗುವಂತೆಯೂ ಇಲ್ಲ. ದೂರದಲ್ಲಿ ಎದ್ದ ಹಕ್ಕಿ ಯಾರಿಗೂ ಸಿಗುವುದಿಲ್ಲ. ವಾಸನೆ ಸಿಕ್ಕಿದೊಡನೆ ಬಾಲದ ಅಲುಗಾಟ ದುಪ್ಪಟ್ಟಾಗುತ್ತದೆ, ತಲೆ ತಗ್ಗುತ್ತದೆ, ಒಮ್ಮೆಗೇ ನುಗ್ಗುತ್ತದೆ. ಹಕ್ಕಿ ಎದ್ದಿತೋ, ಅದೇ ಕ್ಷಣ ಅಂಡೂರಿ ಕೂರಬೇಕು. ಈಡು ಹಾರಿದ ಮೇಲೂ ಹೇಳುವವರೆಗೆ ಏಳುವಂತಿಲ್ಲ. ಒಬ್ಬನೇ ಒಂದು ನಾಯಿಯೊಂದಿಗೆ ಬೇಲಿಬದಿ ಸುತ್ತಿ ಮಾಡುವ ಬೇಟೆಗೆ ಇಂದಿಗೂ ಅಲ್ಲಿಯವರು ಆರಿಸುವುದು ಇದನ್ನೇ.

ನಮ್ಮಲ್ಲಿ ಕಮ್ಯುನಿಸ್ಟ್ ಗಿಡದ ಪೊದೆ, ನಾಚಿಕೆಮುಳ್ಳಿನ ನಡುವೆ ಬಚ್ಚಿಟ್ಟ ಬಟ್ಟೆಯುಂಡೆಯನ್ನು ಹುಡುಕಿಸುವ ಆಟಕ್ಕೆ ಇಷ್ಟು ಚುರುಕಾದ ನಾಯಿ ಬೇರೆ ಇಲ್ಲ. ಸಣ್ಣ ಹಿತ್ತಿಲಿದ್ದರೂ ಕಾಕರ್ ಸಾಕಬಹುದು. ಆದರೆ ಕಿವಿಯ ಹೊಣೆ ನಿಮ್ಮದು. ಜೋತುಬಿದ್ದ ಕಿವಿಯ ಒಳಗೆ ಗಾಳಿಯಾಡದೆ ಮಳೆಗಾಲದಲ್ಲಿ ಹುಳಿವಾಸನೆಯ ಕಂದುಕೊಳೆ ಕಟ್ಟುತ್ತದೆ. ನಾಯಿ ತಲೆ ಕೊಡವಿ ಕೊಡವಿ ಕಿವಿಯ ಹಾಳೆಯಲ್ಲಿ ರಕ್ತ ತುಂಬಿ ಊದಿಕೊಂಡರೆ ಹಲವು ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ವಾರಕ್ಕೆರಡು ಸಲ ಕಿವಿ ಮಗುಚಿ ಮೂಸಿ ನೋಡಿ, ಕಿವಿಯ ಒಳಬದಿಯ ಕೂದಲನ್ನು ಚಿಕ್ಕದಾಗಿ ಕತ್ತರಿಸಿ. ಡಿಸೆಂಬರಿನಿಂದ ಗುಡ್ಡೆಯ ಮುಳಿಹುಲ್ಲು ಒಣಗಿದಾಗ ಅದರ ಚೂಪು ಬೀಜ ಬೆರಳಸಂದಿಗೆ ಹೊಕ್ಕು ಒಳಗೊಳಗೇ ಸರಿಯುತ್ತದೆ. ಗುಡ್ಡೆಯಿಂದ ಬಂದ ಕೂಡಲೇ ನಾಲ್ಕೂ ಪಾದ ಬಿಡಿಸಿ ನೋಡಬೇಕು.

ಪೇಟೆಯಲ್ಲಿ ಸಿಗುವ ಕಾಕರ್‌ಗಳಲ್ಲಿ ಹೆಚ್ಚಿನವು ಪ್ರದರ್ಶನಕ್ಕೆಂದು ಬೆಳೆಸಿದ ಸಾಲಿನವು: ಗುಂಡುತಲೆ, ನೆಲ ಮುಟ್ಟುವ ಕೂದಲು. ಕೆಲಸದ ಸಾಲಿನವಕ್ಕೆ ಚಪ್ಪಟೆ ತಲೆ, ಮೋಟು ಕೂದಲು, ಎರಡು ಪಾಲು ಹುರುಪು. ಎರಡಕ್ಕೂ ಹೆಸರು ಒಂದೇ ಆದ್ದರಿಂದ ತಂದೆತಾಯಿಯನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ.

ಪಾಯಿಂಟರ್, ಮತ್ತು ಎಲ್ಲ ಕೆಲಸದ ಜರ್ಮನ್ ತಳಿ

ಇಂಗ್ಲಿಷ್ ಪಾಯಿಂಟರ್ ಓಡುವಾಗ ತಲೆ ಎತ್ತಿರುತ್ತದೆ. ನೆಲದ ಜಾಡಲ್ಲ, ಗಾಳಿಯಲ್ಲಿ ತೇಲಿ ಬರುವ ವಾಸನೆ ಅದಕ್ಕೆ ಬೇಕು. ನೂರಾರು ಮೀಟರ್ ಅಗಲ ಓಡಿ, ಹಕ್ಕಿಯ ವಾಸನೆ ಬಡಿದೊಡನೆ ಕಲ್ಲಾಗುತ್ತದೆ: ಒಂದು ಮುಂಗಾಲು ಮಡಚಿ, ಬಾಲ ಬಿಗಿದು, ಮೂಗು ಹಕ್ಕಿಯತ್ತ. ಜೊತೆಯ ನಾಯಿ ಅದನ್ನು ಕಂಡು, ತನಗೆ ವಾಸನೆ ಸಿಗದಿದ್ದರೂ, ನಿಂತಲ್ಲೇ ನಿಲ್ಲುತ್ತದೆ. ನೋಡಲು ಇಷ್ಟು ಚೆಂದದ ದೃಶ್ಯ ನಾಯಿಗಳ ಲೋಕದಲ್ಲಿ ಬೇರೆ ಇಲ್ಲ. ಮೋಟು ಕೂದಲಿನಿಂದಾಗಿ ಸೆಕೆಯನ್ನೂ ಇದು ಲ್ಯಾಬ್ರಡಾರ್‌ಗಿಂತ ಚೆನ್ನಾಗಿ ತಡೆಯುತ್ತದೆ.

ಆದರೂ ನಮ್ಮ ಕಡೆಗೆ ಇದು ಬೇಡ. ಹತ್ತು ಮೀಟರಿಗೊಂದು ತೋಡು, ಬೇಲಿ, ಕಟ್ಟೆಯಿಲ್ಲದ ಬಾವಿ ಇರುವ ತೋಟದಲ್ಲಿ ಅಷ್ಟಗಲ ಓಡುವ ನಾಯಿಯನ್ನು ಎಲ್ಲಿ ಬಿಡುವುದು? ವಿಶಾಲ ಪಾರೆಯಲ್ಲಿ ಬಿಡೋಣವೆಂದರೆ ಅಲ್ಲಿ ಬೇಸಗೆಯಲ್ಲಿ ಟಿಟ್ಟಿಭ ಹಕ್ಕಿ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ, ಓಡುವ ನಾಯಿ ಅದನ್ನು ಕೆಡಿಸುತ್ತದೆ. ಕಟ್ಟಿ ಹಾಕಿದ ಪಾಯಿಂಟರ್ ಒಣಗಿಹೋಗುತ್ತದೆ, ಸಾಕಿದವರಿಗೂ ಸಂಕಟ.

ಜರ್ಮನ್ ಷಾರ್ಟ್‌ಹೇರ್ಡ್ ಪಾಯಿಂಟರ್, ವೈಮರಾನರ್, ಹಂಗೇರಿಯ ವಿಜ್ಲಾ ಹುಡುಕಿ, ನಿಂತು ತೋರಿಸಿ, ಎತ್ತಿಯೂ ತರುತ್ತವೆ. ಗಾಯಗೊಂಡ ಜಿಂಕೆಯ ಜಾಡು ಹಿಡಿಯುವುದೂ ಅವುಗಳ ಕೆಲಸವಾಗಿತ್ತು. ಆದ್ದರಿಂದ ತುಪ್ಪಳದ ಪ್ರಾಣಿ ಕಂಡರೆ ಕಚ್ಚುವ ಮನಸ್ಸು ರಿಟ್ರೀವರ್‌ಗಿಂತ ಹೆಚ್ಚು. ಬೆಕ್ಕು, ನಾಟಿಕೋಳಿ ಇರುವ ಮನೆಗೆ ತರಬೇಡಿ. ದಿನಕ್ಕೆ ಎರಡು ಗಂಟೆ ನಾಯಿಯೊಂದಿಗೆ ಓಡುವವರು ಮಾತ್ರ ಯೋಚಿಸಬಹುದಾದ ತಳಿಗಳು.

ಹಾಗಾದರೆ ನಿಮಗೆ?

ರಾತ್ರಿ ಹಂದಿ, ಹಗಲು ಮಂಗ ಬಂದರೆ ಬೊಗಳಿ ಎಚ್ಚರಿಸುವ ನಾಯಿ ಬೇಕೆಂದಿದ್ದರೆ ಈ ಗುಂಪಿನಲ್ಲಿ ಹುಡುಕಲೇಬೇಡಿ. ಊರನಾಯಿಯ ಎರಡು ಮರಿ ತಂದು ಚೆನ್ನಾಗಿ ಸಾಕಿ. ಉಣುಗುಜ್ವರ, ಸೆಕೆ, ಮಳೆ ಎಲ್ಲವನ್ನೂ ಅವು ಇವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಬೇಲಿ ಗಟ್ಟಿ ಇದ್ದು ಕಾವಲೇ ಮುಖ್ಯವಾದರೆ ತೇನಿ ಕಡೆಯ ಕೊಂಬೈ ಆಗಬಹುದು. ಮಕ್ಕಳು, ಅಜ್ಜ ಅಜ್ಜಿ ಇರುವ ಮನೆ, ತೋಟದಲ್ಲಿ ಜೊತೆಗೆ ನಡೆಯುವ ನಾಯಿ, ದಿನಕ್ಕೆ ಒಂದು ಗಂಟೆ ಬಿಡುವು ಎಂದಾದರೆ ಹೆಣ್ಣು ಲ್ಯಾಬ್ರಡಾರ್. ಹತ್ತು ಸೆಂಟ್ಸ್ ಜಾಗ, ತರಬೇತಿಯಲ್ಲಿ ನಿಜವಾದ ಆಸಕ್ತಿ, ಕಿವಿ ನೋಡುವ ತಾಳ್ಮೆ ಇದ್ದರೆ ಕಾಕರ್. ಸ್ಪ್ರಿಂಗರ್ ಸಿಕ್ಕರೆ ಅದೃಷ್ಟ, ಆದರೆ ಕಾಕರ್‌ಗಿಂತ ದುಪ್ಪಟ್ಟು ಓಡಿಸಬೇಕು.

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರ ನಿಯಮ ಹೇಳುತ್ತದೆ. ಐದು ವಾರಕ್ಕೇ ಕೊಡುತ್ತೇವೆ ಎನ್ನುವವರಲ್ಲಿಂದ ಎದ್ದು ಬನ್ನಿ. ತಾಯಿ ಒಡಹುಟ್ಟಿನಿಂದ ಬೇಗ ಬೇರ್ಪಟ್ಟ ಮರಿ ಕಚ್ಚುವ ಬಿಗಿಯ ಹದ ಕಲಿತಿರುವುದಿಲ್ಲ. ಈ ತಳಿಗಳಲ್ಲಿ ಬಾಯಿಯ ಹದವೇ ಮುಖ್ಯ. ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆ.ಸಿ.ಐ.) ಕಾಗದ ವಂಶ ಹೇಳುತ್ತದೆ, ಗುಣ ಹೇಳುವುದಿಲ್ಲ. ಒಂದು ಪಾತ್ರೆಯ ಮುಚ್ಚಳವನ್ನು ಸ್ವಲ್ಪ ದೂರದಲ್ಲಿ ಬೀಳಿಸಿ ನೋಡಿ: ಬೆಚ್ಚಿದ ಮರಿ ಕ್ಷಣದಲ್ಲಿ ಚೇತರಿಸಿ ಮೂಸಲು ಬಂದರೆ ಒಳ್ಳೆಯದು, ಮೂಲೆ ಸೇರಿದರೆ ಬೇಡ. ರೇಬೀಸ್ ಚುಚ್ಚುಮದ್ದಿನ ಚೀಟಿ ಕೊಟ್ಟು ಪಂಚಾಯತ್ ಲೈಸೆನ್ಸ್ ಮಾಡಿಸಿ. ತೋಟದ ನೀರಿನಲ್ಲಿ ಇಲಿಜ್ವರದ ಭಯ ಇರುವುದರಿಂದ ವರ್ಷದ ಚುಚ್ಚುಮದ್ದಿನಲ್ಲಿ ಲೆಪ್ಟೋ ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹಸುವಿಗೆ ತಂದ ಉಣುಗಿನ ಮದ್ದನ್ನು ಅಂದಾಜಿಗೆ ಬೆರೆಸಿ ನಾಯಿಗೆ ಬಳಿಯಬೇಡಿ, ವಿಷವೇರುತ್ತದೆ.

ಡಮ್ಮಿಯ ಪಾಠ

ಹಳೆಯ ಜೀನ್ಸಿನ ಕಾಲನ್ನು ಕತ್ತರಿಸಿ, ಬಟ್ಟೆಚೂರು ಮತ್ತು ಸ್ವಲ್ಪ ಮರಳು ತುಂಬಿ ಹೊಲಿಯಿರಿ. ಒಂದಡಿ ಉದ್ದ, ಎರಡೂವರೆ ಅಂಗುಲ ದಪ್ಪ, ದೊಡ್ಡ ನಾಯಿಗೆ 450 ಗ್ರಾಂ, ಮರಿಗೆ ಮತ್ತು ಕಾಕರ್‌ಗೆ 250 ಗ್ರಾಂ. ತೆಂಗಿನ ಸಿಪ್ಪೆ, ಮರದ ತುಂಡು ಎಸೆಯಬೇಡಿ, ಜಗಿಯುವ ಚಟ ಹತ್ತುತ್ತದೆ.

ಮನೆಗೂ ಹಟ್ಟಿಗೂ ನಡುವಿನ ಇಕ್ಕಟ್ಟಿನ ಓಣಿ ಆರಿಸಿ. ಎಸೆದದ್ದನ್ನು ಎತ್ತಿದ ಮರಿಗೆ ನಿಮ್ಮ ಕಡೆಗಲ್ಲದೆ ಬೇರೆ ದಾರಿ ಇರಬಾರದು. ಕುಕ್ಕರಗಾಲಿನಲ್ಲಿ ಕೂರಿ. ಬಂದೊಡನೆ ಕಿತ್ತುಕೊಳ್ಳಬೇಡಿ, ಎದೆ ಸವರಿ, ಮೂರು ಎಣಿಸಿ, ಆಮೇಲೆ ಗದ್ದದ ಕೆಳಗೆ ಕೈಯಿಟ್ಟು ತೆಗೆದುಕೊಳ್ಳಿ. ಕಿತ್ತುಕೊಂಡರೆ ಮರಿ ಹಲ್ಲು ಬಿಗಿಯುತ್ತದೆ, ಅಲ್ಲಿಂದಲೇ ಗಟ್ಟಿಬಾಯಿ ಶುರು. ಬ್ರಿಟನ್ನಿನ ಪರೀಕ್ಷೆಯಲ್ಲಿ ನಾಯಿ ತಂದ ಹಕ್ಕಿಯ ಪಕ್ಕೆಲುಬನ್ನು ತೀರ್ಪುಗಾರರು ಬೆರಳಿನಿಂದ ಒತ್ತಿ ನೋಡುತ್ತಾರೆ. ಪುಡಿಯಾಗಿದ್ದರೆ ಆ ನಾಯಿ ಹೊರಗೆ. ಚಪ್ಪಲಿ ಕದ್ದ ಮರಿಯನ್ನು ಅಟ್ಟಿಸಿಕೊಂಡು ಹೋಗುವುದೂ ಅದೇ ದೋಷ ಕಲಿಸುತ್ತದೆ. ಕೂತು ಕರೆಯಿರಿ, ತಂದರೆ ಮೆಚ್ಚಿ.

ದಿನಕ್ಕೆ ಮೂರೇ ಎಸೆತ. ನಾಲ್ಕರಿಂದ ಆರು ತಿಂಗಳವರೆಗೆ ಹಲ್ಲು ಬದಲಾಗುವಾಗ ಪೂರ್ತಿ ನಿಲ್ಲಿಸಿ. ಒಸಡು ನೋಯುತ್ತದೆ, ತರುವುದೇ ಬೇಡವೆನಿಸುತ್ತದೆ. ಮತ್ತೆ ಶುರುಮಾಡಿದಾಗ ಎರಡರಲ್ಲಿ ಒಂದನ್ನು ನೀವೇ ಹೋಗಿ ಹೆಕ್ಕಿ, ನಾಯಿ ಕೂತು ನೋಡಲಿ. ಬಿದ್ದದ್ದೆಲ್ಲ ತನ್ನದಲ್ಲ ಎಂದು ಅದಕ್ಕೆ ತಿಳಿಯುವುದು ಹೀಗೆ.

ಸೀಟಿ ಕೊಳ್ಳುವಾಗ ನಂಬರಿನದ್ದೇ ಕೊಳ್ಳಿ: ಆಕ್ಮೆ 211.5 ರಿಟ್ರೀವರ್‌ಗೆ, 210.5 ಸ್ಪ್ಯಾನಿಯಲ್‌ಗೆ ರೂಢಿ. ಕಳೆದುಹೋದರೆ ಅದೇ ಸ್ವರದ ಇನ್ನೊಂದು ಸಿಗುತ್ತದೆ. ಒಂದು ಉದ್ದ ಊದು ಎಂದರೆ ಇದ್ದಲ್ಲೇ ಕೂರು. ಗಿಡ್ಡ ಗಿಡ್ಡ ನಾಲ್ಕೈದು ಎಂದರೆ ಬಾ. ಕರೆಯುವ ಸೀಟಿಯನ್ನು ಮೊದಲ ತಿಂಗಳು ಊಟದ ತಟ್ಟೆ ಇಡುವಾಗ ಮಾತ್ರ ಊದಿ.

ಸದ್ದಿನ ಭಯ ಇಲ್ಲಿ ಕೋವಿಯಿಂದಲ್ಲ, ಜಾತ್ರೆಯ ಗರ್ನಾಲಿನಿಂದ, ದೀಪಾವಳಿಯಿಂದ. ಮರಿಯನ್ನು ಕಟ್ಟಿಹಾಕಿ ಪಕ್ಕದಲ್ಲೇ ಪಟಾಕಿ ಹೊಡೆದು ರೂಢಿ ಮಾಡಿಸುವುದು ಅದನ್ನು ಜೀವಮಾನವಿಡೀ ಕೆಡಿಸುತ್ತದೆ. ನೂರು ಮೀಟರ್ ದೂರದಲ್ಲಿ ಒಬ್ಬರು ಎರಡು ಹಲಗೆ ಬಡಿಯಲಿ, ಅದೇ ಹೊತ್ತಿಗೆ ನೀವು ಊಟ ಇಡಿ. ಕಿವಿ ನಿಮಿರಿಸಿ ಮತ್ತೆ ತಟ್ಟೆಗೆ ಬಾಯಿ ಹಾಕಿದರೆ ಮರುದಿನ ಹತ್ತು ಮೀಟರ್ ಹತ್ತಿರ. ತಟ್ಟೆ ಬಿಟ್ಟು ಹೋದರೆ ಇಪ್ಪತ್ತು ಮೀಟರ್ ಹಿಂದಕ್ಕೆ. ಎರಡು ತಿಂಗಳ ಕೆಲಸ ಇದು, ಜಾತ್ರೆ ಮಾರ್ಚಿನಲ್ಲಿದ್ದರೆ ಹೊಸವರ್ಷಕ್ಕೇ ಶುರುಮಾಡಿ.

ಜೂನಿನಲ್ಲಿ ಹೊರಗೆ ಹೋಗಲಾಗದ ದಿನಗಳಿಗೆ ಅಡಿಕೆ ಗೋಣಿಗಳ ಕೊಟ್ಟಿಗೆ ಬೇಡ, ಅಲ್ಲಿ ಇಲಿಪಾಷಾಣ ಇಟ್ಟಿರುತ್ತಾರೆ. ಜಗಲಿಯಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ ಸಾಲಾಗಿಟ್ಟು, ಒಂದರಲ್ಲಿ ನಾಟಿಕೋಳಿಯ ಗರಿ ಕಟ್ಟಿದ ಡಮ್ಮಿ ಬಚ್ಚಿಡಿ. ಬಾಗಿಲ ಹೊರಗೆ ಕೂರಿಸಿದ ನಾಯಿಯನ್ನು ಒಳಗೆ ಬಿಡಿ. ಕಾಲುಗಂಟೆ ಮೂಗಿನ ಕೆಲಸ ಮಾಡಿದ ಸ್ಪ್ಯಾನಿಯಲ್ ಒಂದು ಗಂಟೆ ಓಡಿದಷ್ಟೇ ದಣಿದು ಮಲಗುತ್ತದೆ.